ಕುದುರೆ ಸವಾರಿ ಕಲಿಯುವುದು ಹೇಗೆ: ಮೊದಲು ನೆಲದ ಮೇಲೆ, ಆಮೇಲೆ ಬೆನ್ನ ಮೇಲೆ

ನನ್ನ ಮೊದಲ ಸವಾರಿ ಕ್ಲಾಸು 40 ನಿಮಿಷದ್ದು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊತ್ತು ಕುದುರೆ ನಿಂತಲ್ಲೇ ನಿಂತಿತ್ತು. ಮೇಷ್ಟ್ರು ಮೂಲೆಯಿಂದ "ಒದೀರಿ, ಇನ್ನೂ ಜೋರಾಗಿ ಒದೀರಿ" ಎಂದು ಕೂಗುತ್ತಿದ್ದರು. ನಾನು ಒದೆಯುತ್ತಿದ್ದೆ. ಜೊತೆಗೆ, ಎಲ್ಲಿ ಬಿದ್ದುಬಿಡುತ್ತೇನೋ ಎಂಬ ಭಯಕ್ಕೆ ಲಗಾಮನ್ನು ಎದೆಗೆ ಎಳೆದುಕೊಂಡಿದ್ದೆ. ಕಾಲು ಹೋಗು ಅನ್ನುತ್ತಿತ್ತು, ಕೈ ನಿಲ್ಲು ಅನ್ನುತ್ತಿತ್ತು. ಕುದುರೆ ನಿಂತಿತು. ಅದರ ಜಾಗದಲ್ಲಿ ನಾನಿದ್ದರೂ ನಿಲ್ಲುತ್ತಿದ್ದೆ.

ಕ್ಲಾಸು ಮುಗಿದ ಮೇಲೆ ಸೈಸ್ (ಕುದುರೆ ನೋಡಿಕೊಳ್ಳುವವರು) ಜೀನು ಇಳಿಸಿದರು. ಮುಂಗಾಲಿನ ಹಿಂದೆ, ಹೊಟ್ಟೆಪಟ್ಟಿ ಕೂರುವ ಜಾಗದಲ್ಲಿ, ಹತ್ತು ರೂಪಾಯಿ ನಾಣ್ಯದಷ್ಟು ಅಗಲ ಕೂದಲು ಉದುರಿ ಚರ್ಮ ಕೆಂಪಗಾಗಿತ್ತು. "ಇದು ಯಾವಾಗಿಂದ ಅಣ್ಣ?" ಎಂದೆ. "ಹೋದ ವಾರದಿಂದ ಇದೆ ಮೇಡಂ" ಎಂದರು. ಅಂದರೆ ಒಂದು ವಾರದಿಂದ ದಿನಾ ಆ ಹುಣ್ಣಿನ ಮೇಲೇ ಪಟ್ಟಿ ಬಿಗಿಯುತ್ತಿದ್ದರು. ಅದರ ಮೇಲೆ ಕೂತು ನಾನು ಒದೆಯುತ್ತಿದ್ದೆ.

ಆ ಶಾಲೆ ಬಿಟ್ಟೆ, ಸವಾರಿ ಬಿಡಲಿಲ್ಲ. ಆಮೇಲೆ ಬೇರೆ ಕಡೆ ನಿಧಾನಕ್ಕೆ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇನೆ. ಬೆಂಗಳೂರಿನಲ್ಲಿ ಹೊಸದಾಗಿ ಕಲಿಯಬೇಕು ಎನ್ನುವ ದೊಡ್ಡವರಿಗೆ, ಮಕ್ಕಳನ್ನು ಸೇರಿಸಬೇಕು ಎನ್ನುವ ಅಪ್ಪ ಅಮ್ಮಂದಿರಿಗೆ ಇದು.

ಹೆಜ್ಜೆ 1: ದುಡ್ಡು ಕಟ್ಟುವ ಮುಂಚೆ ಲಾಯ ನೋಡಿ

ನಮ್ಮೂರಲ್ಲಿ ಸವಾರಿ ಶಾಲೆಗಳಿಗೆ ಬರವಿಲ್ಲ. ದೇವನಹಳ್ಳಿ ಕಡೆ ಎಂಬೆಸಿ ಇಂಟರ್‌ನ್ಯಾಷನಲ್ ರೈಡಿಂಗ್ ಸ್ಕೂಲ್ 1996ರಿಂದ ಇದೆ. 2018ರ ಜಕಾರ್ತಾ ಏಷ್ಯನ್ ಗೇಮ್ಸ್‌ನಲ್ಲಿ ಬೆಳ್ಳಿ ಗೆದ್ದು, ಟೋಕಿಯೊ ಒಲಿಂಪಿಕ್ಸ್‌ನಲ್ಲಿ 23ನೇ ಸ್ಥಾನ ಪಡೆದ ಫವಾದ್ ಮಿರ್ಜಾ ಬೆಂಗಳೂರಿನವರೇ. ಅವರ ತಂದೆ ಕುದುರೆ ಡಾಕ್ಟರು. ಊರಿನ ಹೊರವಲಯದಲ್ಲಿ ಸಣ್ಣಪುಟ್ಟ ಶಾಲೆಗಳೂ ಬೇಕಾದಷ್ಟಿವೆ. ಹೆಸರು ನೋಡಿ ಸೇರಬೇಡಿ. ಹೇಳದೆ ಕೇಳದೆ ಒಂದು ಬೆಳಿಗ್ಗೆ 6 ಗಂಟೆಗೆ ಹೋಗಿ ನಿಂತುಕೊಳ್ಳಿ.

ಮೊದಲು ಮೇವು. ಕುದುರೆ ಹೊಟ್ಟೆ ದನದ ಹೊಟ್ಟೆಯ ಹಾಗಲ್ಲ. ಚಿಕ್ಕದು, ಆದರೆ ಆಸಿಡ್ ಮಾತ್ರ ಇಡೀ ದಿನ ಸುರಿಯುತ್ತಲೇ ಇರುತ್ತದೆ. ಬಾಯಿಗೆ ಹುಲ್ಲು ಹೋಗುತ್ತಾ ಇದ್ದರೆ ಜೊಲ್ಲು ಇಳಿದು ಆ ಆಸಿಡ್ ತಣ್ಣಗಾಗುತ್ತದೆ. ಗಂಟೆಗಟ್ಟಲೆ ಖಾಲಿ ಬಿಟ್ಟರೆ ಹೊಟ್ಟೆಯಲ್ಲಿ ಹುಣ್ಣಾಗುತ್ತದೆ. 450 ಕಿಲೋ ತೂಗುವ ಕುದುರೆಗೆ ದಿನಕ್ಕೆ ಕನಿಷ್ಠ 7ರಿಂದ 9 ಕಿಲೋ ಒಣ ಮೇವು ಬೇಕು. ಆದ್ದರಿಂದ ಲಾಯದಲ್ಲಿ ಹುಲ್ಲು ಕಾಣಬೇಕು. ಬರೀ ಬಕೆಟ್ಟಿನಲ್ಲಿ ಹುರುಳಿ, ಬೂಸಾ ಕಂಡರೆ ಸಾಲದು. ಹುರುಳಿ ಬೇಯಿಸಿ ಹಾಕುವುದು ನಮ್ಮಲ್ಲಿ ಹಳೆಯ ಪದ್ಧತಿ, ಸ್ವಲ್ಪ ಹಾಕಿದರೆ ತಪ್ಪೇನಿಲ್ಲ. ಆದರೆ ಅದು ಪಲ್ಯ, ಊಟ ಹುಲ್ಲು. ಕುದುರೆ ಮಸಾಲೆ ಸೊಪ್ಪು (ಲೂಸರ್ನ್ ಮೇವು) ಸಿಕ್ಕರಂತೂ ಅದಕ್ಕೆ ಹಬ್ಬ.

ಆಮೇಲೆ ನೀರು. ದಿನಕ್ಕೆ 25ರಿಂದ 45 ಲೀಟರ್ ಕುಡಿಯುತ್ತದೆ, ಏಪ್ರಿಲ್‌ನಲ್ಲಿ ಇನ್ನೂ ಜಾಸ್ತಿ. ಬಕೆಟ್ ಒಳಗೆ ಕೈ ಹಾಕಿ ನೋಡಿ. ಪಾಚಿ ಜಾರಿದರೆ ಆ ಶಾಲೆಯ ಬಗ್ಗೆ ಅರ್ಧ ಗೊತ್ತಾಯಿತು.

ಇನ್ನು ಕುದುರೆಯನ್ನೇ ನೋಡಿ. ಬಾಯಿಯ ಎರಡು ಮೂಲೆಯಲ್ಲಿ ಗಾಯ ಅಥವಾ ಬಿಳಿ ಗೆರೆ ಇದೆಯಾ? ಹೊಟ್ಟೆಪಟ್ಟಿ ಜಾಗ ಹೇಗಿದೆ? ಬೆನ್ನಿನ ಮೇಲೆ, ಜೀನು ಕೂರುವ ಕಡೆ, ಬಿಳಿ ಕೂದಲಿನ ಮಚ್ಚೆಗಳಿವೆಯಾ? ಅಲ್ಲಿ ಹಿಂದೆ ಯಾವಾಗಲೋ ಜೀನು ಒತ್ತಿ ಗಾಯವಾಗಿತ್ತು ಎಂದರ್ಥ. ಗೊರಸಿನ ಅಂಚು ಒಡೆದು ಚಕ್ಕೆ ಎದ್ದಿದ್ದರೆ ಲಾಳದವರು ಬಂದು ಬಹಳ ದಿನವಾಗಿದೆ. 6ರಿಂದ 8 ವಾರಕ್ಕೊಮ್ಮೆ ಅವರು ಬರಲೇಬೇಕು. ಕುದುರೆ ನಿಂತಲ್ಲೇ ಎಡಕ್ಕೆ ಬಲಕ್ಕೆ ತೂಗುತ್ತಿದ್ದರೆ ಅಥವಾ ಮರದ ಅಂಚು ಕಚ್ಚಿ ಗಾಳಿ ನುಂಗುತ್ತಿದ್ದರೆ, ಅದು ಚೇಷ್ಟೆಯಲ್ಲ. ಬಹಳ ಹೊತ್ತು ಒಂಟಿಯಾಗಿ ಕಟ್ಟಿ ಹಾಕಿದ್ದರಿಂದ, ಮೇವು ಕಮ್ಮಿಯಾಗಿದ್ದರಿಂದ ಅಂಟಿಕೊಳ್ಳುವ ಚಾಳಿ ಅದು. ಒಂದು ಕುದುರೆಗೆ ಇದ್ದರೆ ಹಿಂದಿನ ಮನೆಯಿಂದ ಬಂದಿರಬಹುದು. ಸಾಲಾಗಿ ನಾಲ್ಕಕ್ಕೆ ಇದ್ದರೆ ಗೇಟಿನ ಕಡೆ ನಡೆಯಿರಿ.

ಕೊನೆಗೆ ಮಾಲೀಕರನ್ನು ಕೇಳಿ: ಒಂದು ಕುದುರೆಗೆ ದಿನಕ್ಕೆ ಎಷ್ಟು ಕ್ಲಾಸು, ವಾರದಲ್ಲಿ ಯಾವತ್ತು ರಜೆ, ಕಟ್ಟದೆ ಬಯಲಿಗೆ ಬಿಡುವುದು ಎಷ್ಟು ಹೊತ್ತು, ಸವಾರರಿಗೆ ತೂಕದ ಮಿತಿ ಇದೆಯಾ. ಕೊನೆಯ ಪ್ರಶ್ನೆಗೆ "ಅಯ್ಯೋ ಯಾರು ಬೇಕಾದರೂ ಕೂರಬಹುದು" ಎಂಬ ಉತ್ತರ ಬಂದರೆ ಅನುಮಾನ ಪಡಿ.

ಹೆಜ್ಜೆ 2: ನಿಮ್ಮ ಸಾಮಾನು, ನಿಮ್ಮ ತೂಕ

ಸವಾರಿಗೆಂದೇ ಮಾಡಿದ ಹೆಲ್ಮೆಟ್ಟು ಬೇಕು. ಬೈಕಿನದ್ದೂ ಆಗುವುದಿಲ್ಲ, ಸೈಕಲ್ಲಿನದ್ದೂ ಆಗುವುದಿಲ್ಲ. ಶೂಗೆ ಒಂದಿಂಚು ಹಿಮ್ಮಡಿ ಇರಲಿ, ಇಲ್ಲವಾದರೆ ಪಾದ ರಿಕಾಪಿನೊಳಗೆ (ಜೀನಿನಿಂದ ಇಳಿಬಿದ್ದ, ಕಾಲಿಡುವ ಬಳೆ) ಜಾರಿ ಸಿಕ್ಕಿಕೊಳ್ಳುತ್ತದೆ. ಬಿದ್ದವರನ್ನು ಕುದುರೆ ಎಳೆದುಕೊಂಡು ಹೋಗುವುದು ಹೀಗೆಯೇ. ಟಿಟಿ ಇಂಜೆಕ್ಷನ್ ಹಾಕಿಸಿಕೊಂಡಿರಿ.

ತೂಕದ ಲೆಕ್ಕ ಸುಲಭ. ಜೀನು ಸೇರಿ ನಿಮ್ಮ ತೂಕ ಕುದುರೆಯ ತೂಕದ ಶೇ. 15ರ ಆಸುಪಾಸಿನಲ್ಲಿದ್ದರೆ ಒಳ್ಳೆಯದು, ಶೇ. 20 ದಾಟಲೇಬಾರದು. 450 ಕಿಲೋ ಕುದುರೆಗೆ ಅದು 67ರಿಂದ 90 ಕಿಲೋ. ಜೀನೇ 8-10 ಕಿಲೋ ಇರುತ್ತದೆ, ಅದನ್ನು ಕಳೆಯಿರಿ. ಹೊಸಬರು ಬೆನ್ನಿನ ಮೇಲೆ ದಬದಬ ಕುಕ್ಕರಿಸುತ್ತೇವಲ್ಲ, ಅದಕ್ಕೆ ಇನ್ನೂ ಸ್ವಲ್ಪ ಕಳೆದರೂ ತಪ್ಪಿಲ್ಲ. ತೂಕ ಜಾಸ್ತಿ ಇದ್ದರೆ ನಾಚಿಕೊಳ್ಳಬೇಕಿಲ್ಲ. ದೊಡ್ಡ ಕುದುರೆ ಕೇಳಿ, ಇಲ್ಲವಾದರೆ ಹೆಜ್ಜೆ 5ರ ನೆಲದ ಪಾಠವನ್ನೇ ಆರು ತಿಂಗಳು ಕಲಿಯಿರಿ. ಅದರಲ್ಲೇ ಮಜಾ ಇದೆ.

ಹೆಜ್ಜೆ 3: ಹತ್ತಿರ ಹೋಗುವುದು

ಕುದುರೆಯ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಅದಕ್ಕೆ ಸುತ್ತಲಿನದು ಹೆಚ್ಚುಕಡಿಮೆ ಎಲ್ಲವೂ ಕಾಣುತ್ತದೆ. ಹಣೆಯ ನೇರ ಎದುರಿಗೆ ತೀರಾ ಹತ್ತಿರದ್ದು ಮತ್ತು ಬಾಲದ ನೇರ ಹಿಂದಿನದು ಮಾತ್ರ ಕಾಣುವುದಿಲ್ಲ. ಹಾಗಾಗಿ ಭುಜದ ಕಡೆಯಿಂದ, ಮಾತಾಡುತ್ತಾ ಹೋಗಿ. ಮೂಗು ಸವರಲು ಕೈ ಚಾಚಬೇಡಿ. ಕೈ ಕೆಳಗಿಟ್ಟು ನಿಂತುಕೊಳ್ಳಿ, ಅದೇ ಮೂಸಲಿ. ಆಮೇಲೆ ಭುಜದ ಮೇಲಿನ ಉಬ್ಬಿನಲ್ಲಿ, ಜೂಲು ಮುಗಿಯುವ ಕಡೆ, ಬೆರಳಿನಿಂದ ಕೆರೆಯಿರಿ. ಕುದುರೆಗಳು ಒಂದಕ್ಕೊಂದು ಕೆರೆದುಕೊಳ್ಳುವ ಜಾಗ ಅದು. ಟಿವಿಯಲ್ಲಿ ಕಾಣುವ ಹಾಗೆ ಪಟಪಟ ತಟ್ಟುವುದು ನಮಗೆ ಶಭಾಷ್‌ಗಿರಿ, ಅದಕ್ಕೆ ಬರೀ ಏಟು.

ಕಿವಿ ಎತ್ತ ತಿರುಗಿದೆಯೋ ಗಮನ ಅತ್ತ. ಎರಡೂ ಕಿವಿ ತಲೆಗೆ ಅಂಟಿದರೆ ದೂರ ಸರಿಯಿರಿ. ಆದರೆ ಕಿವಿಗಿಂತ ಜಾಸ್ತಿ ಹೇಳುವುದು ಕಣ್ಣಿನ ಮೇಲಿನ ಭಾಗ. ನೋವಿರುವ ಕುದುರೆಗೆ ಅಲ್ಲಿ ಚರ್ಮ ಬಿಗಿದು ತ್ರಿಕೋನದ ಹಾಗೆ ಎದ್ದು ಕಾಣುತ್ತದೆ. ಕಣ್ಣು ಅರ್ಧ ಮುಚ್ಚಿರುತ್ತದೆ, ಕಿವಿ ಹಿಂದಕ್ಕೆ ಸೆಟೆದಿರುತ್ತದೆ, ಗಲ್ಲ ಗಟ್ಟಿಯಾಗಿರುತ್ತದೆ, ಮೂಗಿನ ಹೊಳ್ಳೆ ಬಿಗಿದಿರುತ್ತದೆ. ಒಂದು ಸಲ ಈ ಮುಖ ನೋಡಿದರೆ ಮದುವೆ ಮೆರವಣಿಗೆಯಲ್ಲಿ ಬ್ಯಾಂಡಿನ ಮುಂದೆ ನಿಂತ ಬಿಳಿ ಕುದುರೆಯನ್ನು ಸುಮ್ನೆ ನೋಡಿಕೊಂಡು ಹೋಗುವುದು ಕಷ್ಟ.

ಹೆಜ್ಜೆ 4: ಉಜ್ಜುವುದು, ಜೀನು ಹಾಕುವುದು

ಈ ಕೆಲಸವನ್ನು ಸೈಸ್‌ಗೆ ಬಿಟ್ಟು ನೇರ ಹತ್ತಿ ಕೂರುವ ಅಭ್ಯಾಸ ನಮ್ಮೂರಲ್ಲಿ ಜಾಸ್ತಿ. ಬೇಡ. ಬ್ರಷ್ ಮಾಡುವ 15 ನಿಮಿಷವೇ ತಪಾಸಣೆ. ಕೈಯನ್ನು ಬೆನ್ನಿನುದ್ದಕ್ಕೂ, ಕಾಲಿನುದ್ದಕ್ಕೂ ಆಡಿಸಿ. ಬಿಸಿ, ಊತ, ಸೆಳೆತ ಏನಿದ್ದರೂ ಮೊದಲು ಗೊತ್ತಾಗುವುದು ಅಂಗೈಗೆ. ನಾಲ್ಕೂ ಗೊರಸು ಎತ್ತಿ ಕೆರೆಯಿರಿ. ತಳದ ಮಧ್ಯೆ ತ್ರಿಕೋನದ ಮೆತ್ತನೆ ಭಾಗವಿದೆ, ಫ್ರಾಗ್ ಎನ್ನುತ್ತಾರೆ (ಕಪ್ಪೆ ಎಲ್ಲಿಂದ ಬಂತೋ!). ಅದರ ಪಕ್ಕದ ಸಂದಿಯಲ್ಲಿ ಕಪ್ಪಗೆ, ಕೊಳೆತ ವಾಸನೆ ಬಂದರೆ ತೇವಕ್ಕೆ ಬರುವ ಸೋಂಕು. ಮಳೆಗಾಲದಲ್ಲಿ ನಮ್ಮ ಕೆಮ್ಮಣ್ಣಿನ ಕೆಸರಿನಲ್ಲಿ ನಿಂತ ಕುದುರೆಗಳಿಗೆ ಸಾಮಾನ್ಯ.

ದವಡೆಯ ಕೆಳ ಅಂಚಿನಲ್ಲಿ ಹಗ್ಗದ ಹಾಗೆ ಒಂದು ನಾಡಿ ಸಿಗುತ್ತದೆ. 15 ಸೆಕೆಂಡ್ ಎಣಿಸಿ, ನಾಲ್ಕರಿಂದ ಗುಣಿಸಿ. ಸುಮ್ಮನೆ ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44 ಇರಬೇಕು. ಉಸಿರು 8ರಿಂದ 16. ನಿಮ್ಮ ಕುದುರೆಯ ಮಾಮೂಲಿ ಲೆಕ್ಕ ಬರೆದಿಟ್ಟುಕೊಂಡರೆ, ಹುಷಾರಿಲ್ಲದ ದಿನ ಥಟ್ಟನೆ ತಿಳಿಯುತ್ತದೆ.

ಜೀನನ್ನು ಸ್ವಲ್ಪ ಮುಂದೆ ಇಟ್ಟು ಹಿಂದಕ್ಕೆ ಜಾರಿಸಿ, ಕೂದಲು ಮಲಗುವ ದಿಕ್ಕಿನಲ್ಲೇ. ಹೊಟ್ಟೆಪಟ್ಟಿಯನ್ನು ಒಂದೇ ಸಲ ಎಳೆದು ಬಿಗಿಯಬೇಡಿ. ಒಂದು ತೂತು ಏರಿಸಿ, ನಾಲ್ಕು ಹೆಜ್ಜೆ ನಡೆಸಿ, ಮತ್ತೊಂದು ಏರಿಸಿ. ಮೂಗಿನ ಪಟ್ಟಿಯ ಕೆಳಗೆ, ಮೂಗಿನ ಮೂಳೆಯ ಮೇಲೆ, ಎರಡು ಬೆರಳು ಆರಾಮಾಗಿ ಹೋಗಬೇಕು. ಬಾಯಿ ಬಿಡದ ಹಾಗೆ ಬಿಗಿದರೆ ಕುದುರೆ ನೋಡಲು ಶಾಂತವಾಗಿರುತ್ತದೆ, ಅಷ್ಟೇ. ಬಾಯಿ ಕಟ್ಟಿದರೆ ಯಾರು ತಾನೇ ದೂರು ಹೇಳುತ್ತಾರೆ? ಅಂತಾರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ 2025ರಿಂದ ಸ್ಪರ್ಧೆಗಳಲ್ಲಿ ಈ ಪಟ್ಟಿಯ ಬಿಗಿತವನ್ನು ಅಳೆಯಲು ಒಂದು ಸಾಧನವನ್ನೇ ತಂದಿದೆ.

ಹತ್ತುವ ಮುಂಚೆ ಒಂದಿಷ್ಟು ಹುಲ್ಲು ತಿನ್ನಿಸಿ. ಖಾಲಿ ಹೊಟ್ಟೆಯಲ್ಲಿ ಓಡಿದರೆ ಆಸಿಡ್ ಕುಲುಕಿ ಮೇಲಕ್ಕೆ ಎರಚುತ್ತದೆ. ಕಾಳು ಮಾತ್ರ ಬೇಡ.

ಹೆಜ್ಜೆ 5: ನೆಲದ ಪಾಠ

ಇಡೀ ಬರಹದಲ್ಲಿ ಒಂದೇ ಹೆಜ್ಜೆ ಓದುವುದಾದರೆ ಇದನ್ನು ಓದಿ.

ಎರಡನೇ ಶಾಲೆಯಲ್ಲಿ ನನಗೆ ಸಿಕ್ಕಿದ್ದು ಬೆಲ್ಲ ಎಂಬ ಕಂದು ಹೆಣ್ಣು ಕುದುರೆ, ರೇಸಿನಿಂದ ನಿವೃತ್ತಿಯಾಗಿ ಬಂದದ್ದು. ಮೊದಲ ದಿನ ಜೀನಿಲ್ಲ, ಬರೀ ತಲೆಗೆ ಹಾಲ್ಟರ್ (ಬಾಯಿಗೆ ಕಬ್ಬಿಣವಿಲ್ಲದ ತಲೆಪಟ್ಟಿ), ಕೈಯಲ್ಲಿ ಒಂದು ಹಗ್ಗ. "ಒಂದು ಹೆಜ್ಜೆ ಹಿಂದಕ್ಕೆ ಹೋಗು ಅನ್ನಿ" ಎಂದರು ಕಲಿಸುವವರು. ನಾನು ಹಗ್ಗ ಹಿಡಿದು ಎದೆಯ ಕಡೆಗೆ ತಳ್ಳಿದೆ. ಬೆಲ್ಲ ನನ್ನನ್ನೇ ತಳ್ಳಿತು. ಇನ್ನೂ ಜೋರಾಗಿ ತಳ್ಳಿದೆ. 450 ಕಿಲೋದ ಜೊತೆ ನನ್ನ ಕುಸ್ತಿ!

"ಬಿಡಿ" ಎಂದರು ಅವರು. ಹಗ್ಗವನ್ನು ಎರಡೇ ಬೆರಳಲ್ಲಿ ಹಿಡಿದು, ಎದೆಯ ಕಡೆಗೆ ಸ್ವಲ್ಪವೇ ಒತ್ತಿ, ಸುಮ್ಮನೆ ನಿಂತರು. ಜಾಸ್ತಿಯೂ ಮಾಡಲಿಲ್ಲ, ಕಮ್ಮಿಯೂ ಮಾಡಲಿಲ್ಲ. ಬೆಲ್ಲ ತಲೆ ಎತ್ತಿತು. ಎಡಕ್ಕೆ ಹೊರಳಿತು. ಒತ್ತಡ ಹಾಗೇ ಇತ್ತು. ಆಮೇಲೆ ತನ್ನ ಭಾರವನ್ನು ಒಂದು ಚೂರು, ಹೆಜ್ಜೆಯೂ ಅಲ್ಲ, ಬರೀ ಭಾರವನ್ನು ಹಿಂಗಾಲಿಗೆ ಜಾರಿಸಿತು. ಅದೇ ಕ್ಷಣ ಅವರ ಬೆರಳು ಸಡಿಲವಾಯಿತು. ಬೆಲ್ಲ ನಾಲಿಗೆ ಆಡಿಸಿ ತಲೆ ಇಳಿಸಿತು. ಐದನೇ ಸಲಕ್ಕೆ ಅವರು ಹಗ್ಗ ಮುಟ್ಟಿದ್ದೇ ಹಿಂದೆ ಸರಿಯಿತು.

ಕುದುರೆ ಕಲಿಯುವುದು ನಾವು ಒತ್ತುವುದರಿಂದಲ್ಲ, ಬಿಡುವುದರಿಂದ. ಒತ್ತಿದಾಗ ಅದಕ್ಕೆ ಏನೋ ಕಿರಿಕಿರಿ ಎಂದಷ್ಟೇ ಗೊತ್ತು. ಏನು ಮಾಡಿದಾಗ ಆ ಕಿರಿಕಿರಿ ಹೋಯಿತು ಎಂಬುದೇ ಅದರ ಪಾಠ. ಅರ್ಧ ಸೆಕೆಂಡ್ ತಡವಾಗಿ ಬಿಟ್ಟರೆ ಬೇರೇನನ್ನೋ ಕಲಿಯುತ್ತದೆ. ಬಿಡದೇ ಇದ್ದರೆ ಏನು ಮಾಡಿದರೂ ಇಷ್ಟೇ ಎಂದು ಮರಗಟ್ಟುತ್ತದೆ. ನನ್ನ ಮೊದಲ ಶಾಲೆಯ ಕುದುರೆ ಅಂಥದ್ದು. ಅದನ್ನು ಮೊಂಡು ಎಂದು ಕರೆಯುತ್ತಿದ್ದರು.

ಮಾಡುವ ಕ್ರಮ ಹೀಗೆ. ಮೊದಲು ಅತಿ ಹಗುರ ಒತ್ತಡದಿಂದ ಶುರು ಮಾಡಿ, ಕುಂಕುಮ ಇಡುವಷ್ಟು. ಮೂರು ಎಣಿಸಿ. ಪ್ರತಿಕ್ರಿಯೆ ಇಲ್ಲದಿದ್ದರೆ ಸ್ವಲ್ಪ ಏರಿಸಿ, ಅಲ್ಲೇ ಹಿಡಿದಿರಿ. ಸರಿಯಾದ ದಿಕ್ಕಿನಲ್ಲಿ ಒಂದು ಚೂರು ಅಲ್ಲಾಡಿದರೂ ಪೂರ್ತಿ ಬಿಡಿ, ಭುಜದ ಉಬ್ಬು ಕೆರೆಯಿರಿ. ಮೂರ್ನಾಲ್ಕು ಸಲ ಆದ ಮೇಲೆ ಸುಮ್ನೆ ನಿಂತು ಬಿಡುವು ಕೊಡಿ. ಮುಂದೆ ನಡೆಯುವುದು, ನಿಲ್ಲುವುದು, ಒಂದು ಹೆಜ್ಜೆ ಹಿಂದೆ, ಹಿಂಗಾಲು ಪಕ್ಕಕ್ಕೆ ಸರಿಸುವುದು, ಈ ನಾಲ್ಕನ್ನು ಇದೇ ಕ್ರಮದಲ್ಲಿ ಕಲಿಸಿ. ದಿನಕ್ಕೆ 15-20 ನಿಮಿಷ ಸಾಕು. ಚೆನ್ನಾಗಿ ಆದಾಗ ನಿಲ್ಲಿಸಿ. "ಇನ್ನೊಂದೇ ಸಲ" ಎನ್ನುವ ಆಸೆ ಬರುತ್ತದೆ, ನನಗೂ ಬರುತ್ತದೆ. ಆ ಇನ್ನೊಂದು ಸಲದಲ್ಲೇ ಕೆಡುವುದು.

ಎಳೆ ಕುದುರೆಗೂ ಇದೇ ಪಾಠ, ಇನ್ನೂ ನಿಧಾನಕ್ಕೆ. ಕುದುರೆಯ ಬೆನ್ನೆಲುಬು ಪೂರ್ತಿ ಬಲಿಯಲು 5-6 ವರ್ಷ ಬೇಕು. ರೇಸಿಗೆ ಎರಡು ವರ್ಷಕ್ಕೇ ಓಡಿಸುತ್ತಾರೆ ಎಂದು ನಾವು ಅವಸರ ಮಾಡಬೇಕಿಲ್ಲ.

ಹೆಜ್ಜೆ 6: ಬೆನ್ನ ಮೇಲೆ

ಕಟ್ಟೆ ಅಥವಾ ಮೌಂಟಿಂಗ್ ಬ್ಲಾಕ್ ಮೇಲಿಂದಲೇ ಹತ್ತಿ. ನೆಲದಿಂದ ಹತ್ತಿದರೆ ಪೂರ್ತಿ ಭಾರ ಒಂದೇ ಪಕ್ಕಕ್ಕೆ ಬಿದ್ದು ಜೀನು ತಿರುಚುತ್ತದೆ, ಬೆನ್ನು ಎಳೆಯುತ್ತದೆ. ಮೇಲೆ ಹೋಗಿ ಧೊಪ್ಪನೆ ಕೂರಬೇಡಿ, ಇಳಿಬಿಡಿ.

ಮೊದಲ ಹತ್ತಾರು ಕ್ಲಾಸು ಉದ್ದ ಹಗ್ಗದಲ್ಲಿ ಆಗಲಿ. ಕಲಿಸುವವರು ಮಧ್ಯೆ ನಿಂತು ಕುದುರೆಯನ್ನು ಸುತ್ತ ನಡೆಸುತ್ತಾರೆ, ನಿಮ್ಮ ಕೈಯಲ್ಲಿ ಲಗಾಮೇ ಇರುವುದಿಲ್ಲ. ಕತ್ತಿನ ಸುತ್ತ ಒಂದು ಪಟ್ಟಿ ಹಾಕಿಸಿಕೊಳ್ಳಿ, ಭಯವಾದಾಗ ಹಿಡಿಯಲು. ನಾವು ಬೀಳುವಾಗ ಕೈಗೆ ಸಿಕ್ಕಿದ್ದನ್ನು ಎಳೆಯುತ್ತೇವೆ. ಅದು ಲಗಾಮಾದರೆ, ಎಳೆತ ಬಾಯೊಳಗಿನ ಕಬ್ಬಿಣದ ಮೂಲಕ ನೇರ ಕುದುರೆಯ ನಾಲಿಗೆ, ಒಸಡಿನ ಮೇಲೆ ಬೀಳುತ್ತದೆ.

ನಡಿಗೆಯಲ್ಲಿ ನಾಲ್ಕು ತಾಳ. ಕಣ್ಣು ಮುಚ್ಚಿ ಕೂತು, ಯಾವ ಹಿಂಗಾಲು ಈಗ ನೆಲ ಬಿಟ್ಟಿತು ಎಂದು ಹೇಳಲು ಕಲಿಯಿರಿ. ಟ್ರಾಟ್‌ನಲ್ಲಿ, ಅಂದರೆ ಕುಲುಕು ಓಟದಲ್ಲಿ, ಎರಡು ತಾಳ. ಒಂದಕ್ಕೆ ಏಳುವುದು, ಒಂದಕ್ಕೆ ಕೂರುವುದು. ಸುತ್ತಿನ ಹೊರಬದಿಯಲ್ಲಿರುವ ಕುದುರೆಯ ಭುಜ ಮುಂದೆ ಹೋದಾಗ ಏಳಿ. ದಿಕ್ಕು ಬದಲಿಸಿದಾಗ ಎರಡು ತಾಳ ಕೂತು ಬದಲಿಸಿ, ಇಲ್ಲವಾದರೆ ಬೆನ್ನಿನ ಒಂದೇ ಪಕ್ಕ ಸವೆಯುತ್ತದೆ. ಕ್ಯಾಂಟರ್, ಅಂದರೆ ಅದಕ್ಕಿಂತ ಜೋರಿನ ಓಟ, ಮೂರು ತಾಳ. ಅದಕ್ಕೆ ಅವಸರ ಬೇಡ. ಟ್ರಾಟ್‌ನಲ್ಲಿ ಕೈ ಅಲ್ಲಾಡದೆ ಐದು ಸುತ್ತು ಹೋದ ಮೇಲೆ ನೋಡೋಣ.

ಲಗಾಮು ಕೈಗೆ ಬಂದ ದಿನ ಹೆಜ್ಜೆ 5 ನೆನಪಿರಲಿ. ಕಾಲು ಒತ್ತಿದಿರಿ, ಹೊರಟಿತು, ಕಾಲು ಬಿಡಿ. ಕೈ ಮುಚ್ಚಿದಿರಿ, ನಿಂತಿತು, ಕೈ ತೆರೆಯಿರಿ. ಎರಡನ್ನೂ ಒಟ್ಟಿಗೆ ಮಾಡಬೇಡಿ. ನಮ್ಮೂರ ಶಾಲೆಗಳಲ್ಲಿ ಬಹಳಷ್ಟು ಕುದುರೆಗಳು ರೇಸಿನಿಂದ ಬಂದವು. ಓಟದಲ್ಲಿ ಜಾಕಿ ಲಗಾಮು ಬಿಗಿ ಹಿಡಿದಾಗ ಅದರ ಮೇಲೆ ಒರಗಿಕೊಂಡು ಓಡಿ ಅಭ್ಯಾಸ ಅವಕ್ಕೆ. ಹೊಸಬರು ಹೆದರಿ ಎಳೆದಷ್ಟೂ ಜೋರಾಗಿ ಹೋಗುವುದು ಇದಕ್ಕೇ. ಒಂದು ಕೈ ಸಡಿಲ ಬಿಟ್ಟು, ಇನ್ನೊಂದರಿಂದ ನಿಧಾನಕ್ಕೆ ದೊಡ್ಡ ಸುತ್ತಿಗೆ ತಿರುಗಿಸಿ, ಉಸಿರು ಬಿಡಿ.

ಚಾಟಿ, ಸ್ಪರ್ (ಶೂ ಹಿಮ್ಮಡಿಗೆ ಕಟ್ಟುವ ಲೋಹದ ಮೊನೆ) ಬಗ್ಗೆ ನನ್ನ ಅಭಿಪ್ರಾಯ ಕಟ್ಟುನಿಟ್ಟು. ಕಾಲು ನಿಮ್ಮ ಮಾತು ಕೇಳದೆ ತಾನಾಗೇ ಅಲ್ಲಾಡುವುದು ನಿಲ್ಲುವವರೆಗೂ ಸ್ಪರ್ ಮುಟ್ಟಬಾರದು. ಚಾಟಿ ಇದ್ದರೆ ಭುಜ ಮುಟ್ಟಿ ಜ್ಞಾಪಿಸಲು, ಸಿಟ್ಟು ತೀರಿಸಿಕೊಳ್ಳಲು ಅಲ್ಲ.

ಹೆಜ್ಜೆ 7: ಆಗಲ್ಲ ಎಂದಾಗ

ನಿನ್ನೆ ಮಾಡಿದ್ದನ್ನು ಕುದುರೆ ಇವತ್ತು ಮಾಡದಿದ್ದರೆ ಮೊದಲು ನೋವು ಹುಡುಕಿ. ಜೀನು ಹಾಕುವಾಗ ಕಚ್ಚಲು ಬಂದರೆ ಬೆನ್ನು ಅಥವಾ ಹೊಟ್ಟೆಹುಣ್ಣು. ತಲೆ ಎಸೆದರೆ ಹಲ್ಲು. ಕುದುರೆಯ ಹಲ್ಲು ಬೆಳೆಯುತ್ತಾ, ಸವೆಯುತ್ತಾ ಚೂಪಾಗುತ್ತದೆ, ವರ್ಷಕ್ಕೊಮ್ಮೆ ಉಜ್ಜಿಸಬೇಕು. ಒಂದೇ ಕಡೆ ತಿರುಗಲು ಒಲ್ಲದಿದ್ದರೆ ಕಾಲು. ಇದೆಲ್ಲ ಇಲ್ಲ ಎಂದು ಡಾಕ್ಟರು ಹೇಳಿದ ಮೇಲೆ ನಿಮ್ಮ ಕೈ, ನಿಮ್ಮ ಕಾಲು ನೋಡಿಕೊಳ್ಳಿ. ಕುದುರೆಯ ಸ್ವಭಾವದ ಮಾತು ಅದಾದ ಮೇಲೆ.

ಹೊಟ್ಟೆ ಕಡೆ ತಿರುಗಿ ತಿರುಗಿ ನೋಡುವುದು, ಮುಂಗಾಲಲ್ಲಿ ನೆಲ ಕೆರೆಯುವುದು, ಮಲಗಿ ಹೊರಳುವುದು, ಲದ್ದಿ ಹಾಕದಿರುವುದು, ಇದು ಹೊಟ್ಟೆನೋವು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಹಾಗಾಗಿ ಗಂಟೆಗಳಲ್ಲಿ ಪ್ರಾಣಕ್ಕೆ ಬರಬಹುದು. ಮೇವು ತೆಗೆದು ತಕ್ಷಣ ಡಾಕ್ಟರಿಗೆ ಫೋನ್ ಮಾಡಿ. ಮನೆಮದ್ದು ಬೇಡ.

ಹೆಜ್ಜೆ 8: ಇಳಿದ ಮೇಲೆ

ಕೊನೆಯ 10 ನಿಮಿಷ ಲಗಾಮು ಉದ್ದ ಬಿಟ್ಟು ನಡೆಸಿ. ಇಳಿದ ಕೂಡಲೇ ಹೊಟ್ಟೆಪಟ್ಟಿ ಒಂದೆರಡು ತೂತು ಸಡಿಲಿಸಿ. ಬಿಸಿ ಮೈಗೆ ನೀರು ಕುಡಿಸಬಾರದು ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಅದು ಹಳೆಯ ನಂಬಿಕೆ, ಕೇಳಿದಷ್ಟು ಕುಡಿಯಲಿ. ಸೆಕೆಗಾಲದಲ್ಲಿ ಮೈಗೆಲ್ಲ ತಣ್ಣೀರು ಸುರಿಯುತ್ತಲೇ ಇರಿ. ಮಾರ್ಚ್‌ನಿಂದ ಮೇವರೆಗೆ ಬೆಳಿಗ್ಗೆ 8ರ ಮೇಲೆ ಕ್ಲಾಸು ಇಟ್ಟುಕೊಳ್ಳಬೇಡಿ.

ಮಳೆ ಶುರುವಾದರೆ ನೊಣದ ಕಾಟ. ದೊಡ್ಡ ಕಚ್ಚುವ ನೊಣಗಳಿಂದ ಸರ್ರಾ ಎಂಬ ರಕ್ತದ ಕಾಯಿಲೆ ಹರಡುತ್ತದೆ. ಜ್ವರ ಬಿಟ್ಟು ಬಿಟ್ಟು ಬರುತ್ತದೆ, ಕುದುರೆ ಸೊರಗುತ್ತದೆ. ಲದ್ದಿ ದಿನಾ ದೂರ ಸಾಗಿಸುತ್ತಾರಾ ನೋಡಿ.

ಮತ್ತೆ ದೀಪಾವಳಿ. ಅದರ ಹಿಂದಿನ ವಾರದಿಂದಲೇ ಲಾಯದಲ್ಲಿ ರೇಡಿಯೋ ಹಾಕಿಡುವುದು ಒಳ್ಳೆಯದು, ಸದ್ದು ಅಭ್ಯಾಸವಾಗಲಿ ಎಂದು. ಕತ್ತಲಾಗುವ ಮುಂಚೆ ಕುದುರೆಗಳು ಒಳಗಿರಬೇಕು, ಜೊತೆಗಾರ ಕುದುರೆ ಕಣ್ಣಿಗೆ ಕಾಣುತ್ತಿರಬೇಕು, ಮುಂದೆ ರಾತ್ರಿಯಿಡೀ ಸಾಕಾಗುವಷ್ಟು ಹುಲ್ಲು ಇರಬೇಕು. ಅಗಿಯುತ್ತಿರುವ ಕುದುರೆ ಕಮ್ಮಿ ಹೆದರುತ್ತದೆ. ಆ ಮೂರು ದಿನ ಸವಾರಿ ಇಲ್ಲ. ಹೋಗಲೇಬೇಕು ಅನ್ನಿಸಿದರೆ ಹುಲ್ಲು ಹಾಕಲು ಹೋಗಿ, ಸೈಸ್ ಅಣ್ಣನಿಗೆ ಒಂದು ಡಬ್ಬ ಸಿಹಿ ತೆಗೆದುಕೊಂಡು ಹೋಗಿ. ಆ ರಾತ್ರಿ ಅವರಿಗೂ ನಿದ್ದೆ ಇರುವುದಿಲ್ಲ.